ಮಧ್ಯಾಹ್ನದ ಮೂವತ್ತೆಂಟು ಲೀಟರ್

ಫೆಬ್ರವರಿ 3, ಮಂಗಳವಾರ

ಬೆಳಿಗ್ಗೆ 6ಕ್ಕೆ ಮೀಟರ್ ನೋಡಿದೆ. ನಿನ್ನೆಯ ಬಳಕೆ 290 ಲೀಟರ್. ಇಬ್ಬರೇ ಇರುವ ಮನೆಗೆ ಜಾಸ್ತಿ.

ದಿನಾ ಇಷ್ಟು ಬರೆದು ಪುಸ್ತಕ ಮುಚ್ಚುತ್ತೇನೆ. ಮೂವತ್ತೊಂದು ವರ್ಷ ಊರವರ ನೀರಿನ ಮೀಟರ್ ಓದಿದವನಿಗೆ ತನ್ನ ಮನೆಯದನ್ನು ಓದದಿದ್ದರೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಇವತ್ತು ಅಂಕಿಯ ಕೆಳಗೆ ನಾಲ್ಕು ಮಾತನ್ನೂ ಬರೆಯಬೇಕು ಅನಿಸಿದೆ. ಹೇಳಿಕೊಳ್ಳಲು ಬೇರೆ ಯಾರಿದ್ದಾರೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಪ್ರೆಸಿ ಬರೆಸುತ್ತಿದ್ದರು. ಕೊಟ್ಟದ್ದನ್ನು ಮೂರನೇ ಒಂದು ಪಾಲಿಗೆ ಇಳಿಸಬೇಕು. ನನ್ನದು ಕೊಟ್ಟದ್ದಕ್ಕಿಂತ ಉದ್ದವಾಗುತ್ತಿತ್ತು. "ಯು ಆರ್ ಎ ಲೀಕಿಂಗ್ ವೆಸೆಲ್" ಎಂದಿದ್ದರು ಮೇಷ್ಟ್ರು, ಸೋರುವ ಪಾತ್ರೆ. ಆಮೇಲೆ ನೀರಿನ ಕಚೇರಿಯಲ್ಲೇ ಕೆಲಸ ಸಿಕ್ಕಿತು.

ವಿಷಯಕ್ಕೆ ಬರುತ್ತೇನೆ. ಹನ್ನೊಂದು ಗಂಟೆಗೆ ಕನ್ನಡಕದಂಗಡಿಯ ಯಜಮಾನಿಯ ಫೋನ್. "ಗಾಬರಿ ಆಗ್ಬೇಡಿ" ಎಂದು ಶುರು ಮಾಡಿದರು. ಗುಬ್ಬಿ, ನನ್ನ ಮಗಳು, ಇಪ್ಪತ್ಮೂರು ವರ್ಷ, ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾಳೆ. ಯಂತ್ರದ ಮುಂದೆಯೇ ಕುಸಿದುಬಿದ್ದಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಅಜ್ಜಿ. "ಏನಮ್ಮ, ಮೈಯಲ್ಲಿ ರಕ್ತ ಇಟ್ಕೊಳ್ಳೋ ಅಭ್ಯಾಸ ಇಲ್ವಾ ನಿಂಗೆ? ಹಿಮೋಗ್ಲೋಬಿನ್ ಏಳೂ ಇಲ್ಲ. ಮುಟ್ಟು ಎಷ್ಟು ದಿನ ಹೋಗುತ್ತೆ?"

ಗುಬ್ಬಿ ನನ್ನ ಕಡೆ ನೋಡಿದಳು. ನಾನು ಫ್ಯಾನ್ ನೋಡಿದೆ. ನಮ್ಮ ಮನೆಯಲ್ಲಿ ಆ ಪದಕ್ಕೆ ಬಾಗಿಲು ತೆರೆದವರಿಲ್ಲ.

"ಒಂಬತ್ತು, ಹತ್ತು ದಿನ. ಮೊದಲಿಂದ್ಲೂ ಅಷ್ಟೇ."

"ತಾಯಿಗೂ ಹೀಗೇ ಇತ್ತಾ?"

"ಅಮ್ಮ ಹಾರ್ಟಿಂದ ಹೋದ್ರು. ನಾಲ್ಕು ವರ್ಷ ಆಯ್ತು."

ಸುಳ್ಳಲ್ಲ. ಸರ್ಟಿಫಿಕೇಟಿನಲ್ಲಿ ಹಾಗೇ ಇದೆ. ನಾನೂ ಅದಕ್ಕೆ ಇನ್ನೇನನ್ನೂ ಸೇರಿಸಲಿಲ್ಲ.

ಬಿ.ಪಿ. ನೋಡಿದರು, ತಲೆನೋವು, ಸಿಗರೇಟು, ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ಕೇಳಿದರು. ಕಬ್ಬಿಣದ ಮಾತ್ರೆ ಬರೆದರು. ಜೊತೆಗೆ ಇನ್ನೊಂದು. "ಇದು ಗರ್ಭನಿರೋಧಕ ಮಾತ್ರೆ. ಹೆಸರು ಕೇಳಿ ಅಪ್ಪ ಹುಬ್ಬು ಏರಿಸ್ಬೇಡಿ. ಮುಟ್ಟಿನಲ್ಲಿ ಹೋಗೋ ರಕ್ತ ಕಮ್ಮಿ ಮಾಡೋಕೂ ಇದನ್ನೇ ಕೊಡೋದು. ದಿನಾ ಒಂದು, ಒಂದೇ ಹೊತ್ತಿಗೆ. ತಪ್ಪಿಸಬಾರದು."

ನಾನು ಹುಬ್ಬು ಏರಿಸಿರಲಿಲ್ಲ. ಏರಿಸಿದ್ದೆ ಎಂದು ಗುಬ್ಬಿ ಆಮೇಲೆ ಹೇಳಿದಳು.

ಫೆಬ್ರವರಿ 5

ಮಾತ್ರೆ ಡಬ್ಬಿಯೊಳಗಿನ ಕಾಗದ ಬಿಡಿಸಿದರೆ ಮೇಜಿಗೆ ಹಾಸಬಹುದು, ಅಷ್ಟುದ್ದ. ಇರುವೆ ಗಾತ್ರದ ಇಂಗ್ಲಿಷ್. ಡಿಕ್ಷನರಿ ಇಟ್ಟುಕೊಂಡು ಕೂತೆ. ಒಂದು ಹಾಳೆಯಲ್ಲಿ ಇಪ್ಪತ್ತೆಂಟು ಮಾತ್ರೆ. ಇಪ್ಪತ್ತೊಂದು ಬಿಳಿಯವಕ್ಕೆ ಔಷಧಿ ಇದೆ. ಕೊನೆಯ ಏಳು ಕಂದು; ಅವಕ್ಕಿಲ್ಲ, ನುಂಗುವ ಅಭ್ಯಾಸ ತಪ್ಪದಿರಲಿ ಎಂದು ಇಟ್ಟದ್ದು. ಆ ಏಳು ದಿನ ಔಷಧಿ ನಿಂತದ್ದರಿಂದ ಬರುವುದಕ್ಕೆ 'ವಿತ್‌ಡ್ರಾಯಲ್ ಬ್ಲೀಡಿಂಗ್' ಎನ್ನುತ್ತಾರಂತೆ. ಮೊದಲ ಎರಡು ಮೂರು ತಿಂಗಳು ನಡುನಡುವೆ ಕಾಣಿಸಿಕೊಂಡರೆ ಅದು 'ಬ್ರೇಕ್‌ಥ್ರೂ'. ಒಡ್ಡು ಒಡೆಯುವುದಕ್ಕೆ ನಮ್ಮ ಇಂಜಿನಿಯರರು ಆ ಪದ ಬಳಸುತ್ತಿದ್ದರು.

ಅಕ್ಕ ಫೋನ್ ಮಾಡಿದಳು.

"ಏನೋ, ಮದುವೆ ಆಗದ ಹುಡುಗಿಗೆ ಆ ಮಾತ್ರೆ ಕೊಡಿಸಿದ್ದೀಯಂತೆ?"

"ಯಾರು ಹೇಳಿದ್ದು ನಿಂಗೆ?"

"ಯಾರು ಹೇಳ್ತಾರೆ? ನೀನೇ ನಿನ್ನೆ ಮಧ್ಯಾಹ್ನ ಫೋನ್ ಮಾಡಿ ಹೇಳ್ದೆ. ಅರ್ಧ ಗಂಟೆ ಮಾತಾಡ್ದೆ."

ನಿನ್ನೆ ಮಧ್ಯಾಹ್ನ ನಾನು ಮಲಗಿದ್ದೆ. ಅಕ್ಕನಿಗೆ ವಯಸ್ಸಾಯಿತು, ವಾದ ಮಾಡಲಿಲ್ಲ.

"ಬರೋದನ್ನ ಕಟ್ಟಬಾರದು ಕಣೋ. ನಿಂತ ನೀರು ನಾರುತ್ತೆ. ಒಳಗೇ ಉಳಿದ್ರೆ ಎಲ್ಲಿಗೆ ಹೋಗುತ್ತೆ ಅದು?"

ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಈ ಪ್ರಶ್ನೆಯನ್ನು ನನ್ನ ಕಚೇರಿಯಲ್ಲಿ ಯಾರೂ ತಳ್ಳಿಹಾಕುತ್ತಿರಲಿಲ್ಲ. ಕೆಳಗೆ ವಾಲ್ವ್ ಮುಚ್ಚಿದರೆ ಮೇಲೆ ಒತ್ತಡ ಏರುತ್ತದೆ. ಏರಿದ ಒತ್ತಡ ಎಲ್ಲಾದರೂ ದಾರಿ ಮಾಡಿಕೊಳ್ಳುತ್ತದೆ.

ಫೆಬ್ರವರಿ 17

ಗುಬ್ಬಿಗೆ ನಾಲ್ಕು ದಿನದಿಂದ ಸ್ವಲ್ಪ ಸ್ವಲ್ಪ ಕಾಣಿಸಿಕೊಳ್ಳುತ್ತಿದೆಯಂತೆ. ನನಗೆ ಹೇಳಿದ್ದಲ್ಲ, ಫೋನಿನಲ್ಲಿ ಡಾಕ್ಟರಮ್ಮನಿಗೆ ಹೇಳುತ್ತಿದ್ದಳು. "ಮೈ ಹೊಸ ಮಾತ್ರೆಗೆ ಒಗ್ಗಬೇಕಲ್ಲ, ನಿಲ್ಲಿಸ್ಬೇಡ" ಎಂದರಂತೆ.

ಬರೆಯಬೇಕಾದ್ದು ಇನ್ನೊಂದಿದೆ. ಅವಳು ಬಿದ್ದ ದಿನದಿಂದ ನಾನು ಮೀಟರನ್ನು ದಿನಕ್ಕೆ ಮೂರು ಸಲ ನೋಡುತ್ತಿದ್ದೇನೆ. ಬೆಳಿಗ್ಗೆ ಆರು, ಊಟ ಮಾಡಿ ಮಲಗುವ ಮುಂಚೆ ಒಂದು, ಎದ್ದ ಮೇಲೆ ನಾಲ್ಕು. ಕೈಗೆ ಕೆಲಸ ಬೇಕು. ಮೀಟರ್ ಗೇಟಿನ ಪಕ್ಕದ ಗುಂಡಿಯಲ್ಲಿದೆ, ಮೇಲೆ ಕಬ್ಬಿಣದ ಮುಚ್ಚಳ. ಅದನ್ನು ಎತ್ತುವ ಕೊಕ್ಕೆ ನನ್ನ ಕೋಣೆಯ ಮೊಳೆಯಲ್ಲಿ ತೂಗುತ್ತದೆ, ಬೇರೆ ಯಾರೂ ಮುಟ್ಟುವುದಿಲ್ಲ. ಮೀಟರಿನ ಮುಖದಲ್ಲಿ ಒಂದು ಪುಟ್ಟ ಕೆಂಪು ಚಕ್ರ ಇರುತ್ತದೆ. ಮನೆಯ ಯಾವ ಮೂಲೆಯಲ್ಲಿ ಹನಿ ಬಿದ್ದರೂ ಅದು ತಿರುಗುತ್ತದೆ.

ಇವತ್ತು ಒಂದರಿಂದ ನಾಲ್ಕರೊಳಗೆ 38 ಲೀಟರ್ ಹೋಗಿದೆ.

ಗುಬ್ಬಿ ಅಂಗಡಿಯಲ್ಲಿದ್ದಳು. ಮುಂಬಾಗಿಲ ಚಿಲಕ ನಾನೇ ಹಾಕಿದ್ದೆ. ನಲ್ಲಿಗಳೆಲ್ಲ ಬಿಗಿಯಾಗಿದ್ದವು, ಕೆಂಪು ಚಕ್ರ ನಿಂತಿತ್ತು. ಹಿತ್ತಲಿನ ಒಗೆಯುವ ಕಲ್ಲು ಮಾತ್ರ ಒದ್ದೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು ಕಪ್ಪಗೆ ಹೊಳೆಯುತ್ತಿತ್ತು.

ಸೆಕೆ ಈ ವರ್ಷ ಬೇಗ ಶುರುವಾಗಿದೆ. ಎದ್ದಾಗ ಅಂಗಿಯ ತೋಳು ಮೊಣಕೈವರೆಗೆ ಬೆವರಿಗೆ ನೆನೆದಿತ್ತು.

ಫೆಬ್ರವರಿ 18

38.

ಫೆಬ್ರವರಿ 19

41. ಹಿತ್ತಲಿನ ನಲ್ಲಿಗೆ ಹೊಸ ವಾಷರ್ ಹಾಕಿದೆ.

ಫೆಬ್ರವರಿ 21

36. ತಂತಿಯ ಮೇಲೆ ಹಸಿರು ಅಂಚಿನ ಬಿಳಿ ಬೆಡ್‌ಶೀಟ್ ಒಣಗುತ್ತಿತ್ತು. ಸಂಜೆ ಗುಬ್ಬಿ ಅದನ್ನು ನೋಡಿ ನಿಂತಳು.

"ಅಮ್ಮನ ಟ್ರಂಕಿಂದ ಇದನ್ಯಾಕೆ ತೆಗ್ದೆ ಅಪ್ಪ?"

"ನಾನೆಲ್ಲಿ ತೆಗ್ದೆ? ನೀನೇ ಬೆಳಿಗ್ಗೆ ಒಗೆದು ಹಾಕಿರ್ತೀಯ."

ಅವಳು ಬೆಡ್‌ಶೀಟಿನ ಮೂಲೆ ಹಿಡಿದು ಮೂಸಿದಳು. ಆಮೇಲೆ ಮಡಿಚಿ ಒಳಗೆ ತೆಗೆದುಕೊಂಡು ಹೋದಳು. ನಾನು ಚಹಾಕ್ಕೆ ನೀರಿಟ್ಟೆ. ಬೆರಳ ತುದಿಗಳು ಬೆಂಡಾಗಿ ಸುಕ್ಕುಗಟ್ಟಿವೆ. ಅರವತ್ತೆರಡು ಎಂದರೆ ಅರವತ್ತೆರಡೇ.

ಫೆಬ್ರವರಿ 26

ಇವತ್ತು ಮಧ್ಯಾಹ್ನದ ಬಳಕೆ ಸೊನ್ನೆ. ಒಂಬತ್ತು ದಿನ ಹೋಗಿ ತಾನಾಗಿ ನಿಂತಿತು.

ಮಾರ್ಚ್ 2

ಗುಬ್ಬಿ ಕಂದು ಮಾತ್ರೆಯ ವಾರದಲ್ಲಿದ್ದಾಳೆ. ಬಂತಂತೆ, ಮೂರೇ ದಿನಕ್ಕೆ ನಿಂತಿತಂತೆ. ಹೊಟ್ಟೆನೋವಿಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ಏನೋ ಗುನುಗುತ್ತಿದ್ದಳು. ಮುಖಕ್ಕೆ ಬಣ್ಣ ಬಂದಿದೆ. ತಂದೆಯಾದವನು ಹಿಗ್ಗಬೇಕು. ನನಗೆ ಆ ಒಂಬತ್ತು ದಿನದ್ದೇ ಚಿಂತೆ. ಅವಳ ಮೈಯಲ್ಲಿ ಕಮ್ಮಿಯಾದದ್ದು, ಮನೆಯಲ್ಲಿ ಹೆಚ್ಚಾದದ್ದು. ಕಾಸ್ ಅಂಡ್ ಎಫೆಕ್ಟ್.

ತಪಾಸಣೆಗೆ ಜೊತೆಗೆ ಹೋದೆ. ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಡಾಕ್ಟ್ರೇ, ಹತ್ತು ದಿನ ಹೋಗ್ತಿದ್ದದ್ದು ಮೂರು ದಿನಕ್ಕೆ ನಿಂತ್ರೆ, ಉಳಿದದ್ದು ಒಳಗೇ ಇರುತ್ತಲ್ಲ? ಒತ್ತಡ?"

"ಏನು ಕೆಲಸ ಮಾಡ್ತಿದ್ರಿ ನೀವು?"

"ನೀರಿನ ಮೀಟರ್."

"ಹಾಗಾದ್ರೆ ಸುಲಭ ಆಯ್ತು. ಗರ್ಭಕೋಶದ ಒಳಗೆ ಪ್ರತಿ ತಿಂಗಳು ಒಂದು ಪದರ ಬೆಳೆಯುತ್ತೆ. ಅದು ಕಳಚಿಕೊಂಡಾಗ ರಕ್ತ ಹೋಗೋದು. ಈ ಮಾತ್ರೆ ಆ ಪದರ ದಪ್ಪ ಆಗೋಕೇ ಬಿಡಲ್ಲ. ವಾಲ್ವ್ ಮುಚ್ಚಿಲ್ಲ ನಾವು. ಟ್ಯಾಂಕಿಗೆ ನೀರೇ ಏರಿಸಿಲ್ಲ. ಖಾಲಿ ಟ್ಯಾಂಕಲ್ಲಿ ಎಲ್ಲಿಂದ ಬರುತ್ತೆ ಒತ್ತಡ?"

ಗುಬ್ಬಿ ನಕ್ಕಳು. ನಾನೂ ನಕ್ಕೆ. ತಲೆ ಒಪ್ಪಿತು. ಮನೆಗೆ ಬಂದು ಒಗೆಯುವ ಕಲ್ಲು ನೋಡಿದ ಮೇಲೆ ಮನಸ್ಸು ಒಪ್ಪಲಿಲ್ಲ.

ಮಾರ್ಚ್ 8, ಭಾನುವಾರ

ಗುಬ್ಬಿ ಗೆಳತಿಯ ಮನೆಗೆ ಹೋಗಿದ್ದಳು. ಹಳೆಯ ಪುಸ್ತಕಗಳನ್ನು ಮಂಚದ ಕೆಳಗಿಂದ ಎಳೆದೆ. ಮದುವೆಯಾದ ವರ್ಷದಿಂದ ಇವೆ. ಮಧ್ಯಾಹ್ನದ ಈ ನೀರು ಹಿಂದೆಯೂ ಯಾವಾಗಲಾದರೂ ಹೋಗಿತ್ತೇ ಎಂದು ನೋಡಬೇಕಿತ್ತು. ನೋಡಬಾರದಿತ್ತು.

ನಿಧಾನವಾಗಿ ಬರೆಯುತ್ತೇನೆ.

ಪ್ರತಿ ಇಪ್ಪತ್ತೆಂಟು ದಿನಕ್ಕೊಮ್ಮೆ, ಕೆಲವೊಮ್ಮೆ ಮೂವತ್ತಕ್ಕೆ, ಬಳಕೆ ದಿನಕ್ಕೆ ನಲವತ್ತು ಲೀಟರ್ ಏರುತ್ತದೆ. ಎಂಟು ದಿನ, ಒಂಬತ್ತು ದಿನ. ಆಮೇಲೆ ಇಳಿಯುತ್ತದೆ. ಪಕ್ಕದಲ್ಲಿ ನನ್ನದೇ ವಾಲಿದ ಅಕ್ಷರ: 'ಸೋರಿಕೆ?' ಇನ್ನೊಂದು ತಿಂಗಳು: 'ಸೋರಿಕೆ. ವಾಷರ್ ಬದಲಿಸಿದೆ.' 'ವಾಲ್ವ್ ಬದಲಿಸಿದೆ.' ಗುಬ್ಬಿಗೆ ಹದಿಮೂರಾದ ವರ್ಷದಿಂದ ತಿಂಗಳಿಗೆ ಎರಡು ಸೋರಿಕೆ. ಗುಬ್ಬಿಯ ಅಮ್ಮನ ಕೊನೆಯ ಎರಡು ವರ್ಷ ಅವಳ ಒಂಬತ್ತು ಹನ್ನೊಂದಾಯಿತು, ಹದಿನಾಲ್ಕಾಯಿತು. ಅವಳು ಹೋಗುವುದಕ್ಕೆ ಮೂರು ತಿಂಗಳ ಹಿಂದೆ ಹದಿನೇಳು ದಿನ. ಅಲ್ಲಿ ಬರೆದಿದ್ದೇನೆ: 'ಅಂಗಳ ಅಗೆಸಿದೆ. ಪೈಪ್ ಒಣಗಿದೆ. ಸೋರಿಕೆ ಸಿಗಲಿಲ್ಲ.'

ಆ ದಿನ ನೆನಪಿದೆ. ಅಂಗಳದಲ್ಲಿ ಸೊಂಟದುದ್ದ ಗುಂಡಿ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಈಗ ಅನಿಸುತ್ತದೆ, ಹಿಡಿಯದಿದ್ದರೆ ಬೀಳುತ್ತಿದ್ದಳು.

"ಸಿಕ್ತಾ?" ಎಂದು ಕೇಳಿದಳು.

"ಸಿಗದೆ ಎಲ್ಲಿಗೆ ಹೋಗುತ್ತೆ" ಎಂದೆ.

ಇಪ್ಪತ್ತಾರು ವರ್ಷ ಅವಳು ಹಿತ್ತಲಲ್ಲಿ ಬಟ್ಟೆ ಒಗೆದ ನೀರನ್ನೆಲ್ಲ ನಾನು ಅಂಕಿಯಲ್ಲಿ ಬರೆದಿಟ್ಟಿದ್ದೆ. ಅಂಕಿ ತಪ್ಪಿಲ್ಲ, ಒಂದೂ ತಪ್ಪಿಲ್ಲ.

ಆಮೇಲೆ ಇನ್ನೊಂದು ಲೆಕ್ಕ ಹಾಕಿದೆ. ಅವಳ ಕೊನೆಯ ಪುಸ್ತಕದ ಕೊನೆಯ ಏರಿಕೆ ಶುರುವಾದ ದಿನದಿಂದ ಇಪ್ಪತ್ತೆಂಟು, ಇಪ್ಪತ್ತೆಂಟು ಎಂದು ಎಣಿಸುತ್ತ ಬಂದೆ. ನಾಲ್ಕು ವರ್ಷ ದಾಟಿ ಫೆಬ್ರವರಿ 17ಕ್ಕೆ ಬಂದು ನಿಂತಿತು. ಎರಡು ಸಲ ಎಣಿಸಿದೆ.

ಮುಂದಿನದು ಮಾರ್ಚ್ 17.

ಮಾರ್ಚ್ 11

ಗುಬ್ಬಿಗೆ ಹೇಳಬೇಕು. ಹೇಳುವುದು ಹೇಗೆ? ನಿಮ್ಮಮ್ಮ ಕೈಯಳತೆಯಲ್ಲಿ ಸಾಯುತ್ತಿದ್ದಳು, ನಾನು ಪೈಪು ಅಗೆಯುತ್ತಿದ್ದೆ ಎಂದೇ?

ಮಾರ್ಚ್ 14, ಶನಿವಾರ

ಗುಬ್ಬಿಯ ಮಾತ್ರೆ ಹಾಳೆ ಕಾಣೆಯಾಗಿದೆ. ಎರಡನೇ ಹಾಳೆ, ಅರ್ಧ ಕೂಡ ಮುಗಿದಿರಲಿಲ್ಲ. ಊಟದ ಮೇಜಿನ ಡಬ್ಬಿಯಲ್ಲಿ ಇಡುತ್ತಿದ್ದಳು.

"ಅಪ್ಪ, ನಿಜ ಹೇಳು. ಅತ್ತೆ ಮಾತು ಕೇಳ್ಕೊಂಡು ಎಸೆದ್ಯಾ?"

"ನಿನ್ನ ಮೇಲಾಣೆ, ನಾನು ಮುಟ್ಟಿಲ್ಲ."

"ಮತ್ತೆ ಅದಕ್ಕೆ ಕಾಲು ಬಂತಾ?"

ಮೂರು ಕೋಣೆ ಹುಡುಕಿದೆವು. ಔಷಧಿ ಅಂಗಡಿಯವನು ಈ ಕಂಪನಿಯದು ಮುಗಿದಿದೆ, ಮಂಗಳವಾರ ತರಿಸಿಕೊಡುತ್ತೇನೆ ಎಂದನಂತೆ. "ಮೂರು ದಿನ ತಪ್ಪಿದ್ರೆ ಏನಾಗುತ್ತೋ, ನಾಳೆ ಡಾಕ್ಟ್ರಿಗೆ ಫೋನ್ ಮಾಡ್ತೀನಿ" ಎಂದಳು. ನಾಳೆ ಭಾನುವಾರ.

ಮಾರ್ಚ್ 15

ನಿನ್ನೆ ನಾಲ್ಕರ ರೀಡಿಂಗ್ ಹುಡುಕಾಟದಲ್ಲಿ ತಪ್ಪಿತ್ತು. ಬೆಳಿಗ್ಗೆ ಮುಚ್ಚಳ ಎತ್ತಿದೆ. ಮೀಟರಿನ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ನೀಟಾಗಿ ಸುತ್ತಿಟ್ಟ ಮಾತ್ರೆ ಹಾಳೆ.

ಕೊಕ್ಕೆ ಇರುವುದು ನನ್ನ ಕೋಣೆಯಲ್ಲಿ. ಆ ಮುಚ್ಚಳ ಎತ್ತುವವನು ನಾನೊಬ್ಬನೇ. ಹಾಗಿರುವಾಗ ಇಟ್ಟವರು ಯಾರು?

ಚೀಲದ ಬಾಯಿಗೆ ಹಾಕಿದ್ದ ಗಂಟು ಗುಬ್ಬಿಯ ಅಮ್ಮನದು. ಸಕ್ಕರೆ ಪೊಟ್ಟಣಕ್ಕೂ ಹಾಗೇ ಹಾಕುತ್ತಿದ್ದಳು: ಎರಡು ಸುತ್ತು, ಕಿವಿ ಒಳಗೆ. ನನಗೂ ಆ ಗಂಟು ಬರುತ್ತದೆ, ಅವಳೇ ಕಲಿಸಿದ್ದಳು.

ಕಟ್ಟಬೇಡಿ ಎನ್ನುತ್ತಿದ್ದಾಳೋ ಏನೋ. ಮಗಳಿಂದ ಅವಳಿಗೇನೋ ಬೇಕಾಗಿದೆಯೋ ಏನೋ. ಡಾಕ್ಟರಮ್ಮನ ಟ್ಯಾಂಕಿನ ಮಾತು ನೆನಪಿತ್ತು. ಆದರೆ ಡಾಕ್ಟರಮ್ಮ ಆ ಕಲ್ಲು ನೋಡಿಲ್ಲ.

ಹಾಳೆಯನ್ನು ಅಲ್ಲೇ ಇಟ್ಟು ಮುಚ್ಚಿದೆ. ಇದು ತಪ್ಪು ಎಂದು ಬರೆಯುವಾಗಲೇ ಗೊತ್ತಾಗುತ್ತಿದೆ.

ಮಾರ್ಚ್ 16

ಗುಬ್ಬಿ ಊಟ ಬಿಟ್ಟಳು. ಸೊಂಟ ನೋವು ಎಂದಳು. ಡಾಕ್ಟರಮ್ಮ ಫೋನಿಗೆ ಸಿಗಲಿಲ್ಲವಂತೆ. ನಾನು ಹೌದಾ ಎಂದೆ.

ಮಾರ್ಚ್ 17

ಆಸ್ಪತ್ರೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಸಂಜೆ ಆರು.

ಬೆಳಿಗ್ಗೆಯ ರೀಡಿಂಗ್ ನೋಡಿದಾಗ ನಿನ್ನೆ ರಾತ್ರಿ ಮಲಗುವ ಮುಂಚೆ ನೋಡಿದ್ದಕ್ಕಿಂತ 110 ಲೀಟರ್ ಜಾಸ್ತಿ. ಒಳಗೆ ಬಂದು, "ಹೇಗಿದ್ದೀಯಾ ಗುಬ್ಬಿ?" ಎಂದು ಕೇಳಿದೆ. "ಚೆನ್ನಾಗಿದ್ದೀನಪ್ಪ" ಎಂದಳು. ಅವಳಮ್ಮನ ದನಿ ಅದು, ಅದೇ ಎಳೆತ. ಬಾತ್‌ರೂಮಿನ ಹಗ್ಗದ ಮೇಲೆ ಗುಬ್ಬಿಯ ಬಟ್ಟೆಗಳು ಸಾಲಾಗಿ ನೀರಿಳಿಸುತ್ತಿದ್ದವು. ಇನ್ನೊಮ್ಮೆ ಕೇಳುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಟಿದ್ದಳು.

ಮಾತ್ರೆ ತೆಗೆದುಕೊಟ್ಟುಬಿಡಬೇಕು, ಸಂಜೆ ಬಂದ ಕೂಡಲೇ, ಎಂದುಕೊಂಡೆ. ಇವತ್ತು ಹದಿನೇಳು. ಮಧ್ಯಾಹ್ನ ಮಲಗಬಾರದು ಎಂದು ಕುರ್ಚಿಯಲ್ಲಿ ಕೂತಿದ್ದೆ. ಒಂದು ಗಂಟೆಯ ರೀಡಿಂಗ್ ಬರೆದೆ. ಆಮೇಲಿನದು ನನಗೆ ಗೊತ್ತಿಲ್ಲ. ಗುಬ್ಬಿ ಹೇಳಿದ್ದನ್ನು ಬರೆಯುತ್ತೇನೆ.

ನಿಂತುಕೊಳ್ಳಲು ಆಗದೆ ಎರಡು ಗಂಟೆಗೆ ವಾಪಸು ಬಂದಳಂತೆ. ಮುಂಬಾಗಿಲು ತೆಗೆಯದಿದ್ದಾಗ ಹಿತ್ತಲಿಗೆ ಸುತ್ತಿ ಬಂದಿದ್ದಾಳೆ.

"ನೀನು ಕಲ್ಲಿನ ಹತ್ರ ಕುಕ್ಕರುಗಾಲಲ್ಲಿ ಕೂತಿದ್ದೆ. ನಲ್ಲಿ ಬಿಟ್ಟಿತ್ತು. ಅಮ್ಮನ ಬೆಡ್‌ಶೀಟ್ ಉಜ್ಜುತಾ ಇದ್ದೆ. ಅದ್ರಲ್ಲಿ ಕೊಳೆ ಏನೂ ಇರ್ಲಿಲ್ಲ ಅಪ್ಪ. ಬೆಳ್ಳಗಿತ್ತು."

"ನಾನು ಕುರ್ಚಿಯಲ್ಲಿದ್ದೆ."

"ನಾನು ಕರೆದೆ. ತಿರುಗಿ ನೋಡ್ದೆ. ಕಣ್ಣು ತೆರೆದೇ ಇತ್ತು. 'ಸದ್ದು ಮಾಡ್ಬೇಡ ಕಣೇ, ಅಪ್ಪಂಗೆ ಗೊತ್ತಾಗುತ್ತೆ' ಅಂದೆ."

"ನಾನಾ?"

"ನೀನೇ. ಆದ್ರೆ ಅಮ್ಮ ಹೇಳೋ ಥರ. ನಂಗೆ ಹದಿನಾಲ್ಕು ವರ್ಷ ಇದ್ದಾಗಿಂದ ಅಮ್ಮ ಆ ಕಲ್ಲಿನ ಹತ್ರ ಕೂತು ಇದೇ ಮಾತು ಹೇಳ್ತಿದ್ಳು. ಇದೇ ಮಾತು. ನಾನು ಯಾರಿಗೂ ಹೇಳಿಲ್ಲ ಇದನ್ನ. ನಿಂಗೆ ಹೇಗೆ ಗೊತ್ತು?"

ನನಗೆ ಗೊತ್ತಿರಲಿಲ್ಲ. ಈಗಲೂ ನನ್ನ ಬಾಯಿಂದ ಬಂದ ನೆನಪಿಲ್ಲ. ನಾನು ಎಚ್ಚರವಾದಾಗ ಕೈ ನಲ್ಲಿಯ ಕೆಳಗಿತ್ತು. ಗುಬ್ಬಿ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅವಳ ತುಟಿ ಬೂದಿಯ ಬಣ್ಣ. ಕೂತ ಮೆಟ್ಟಿಲು ಕೆಂಪಾಗುತ್ತಿತ್ತು.

ಕೊಕ್ಕೆ ತಂದೆ. ಮುಚ್ಚಳ ಎತ್ತಿ ಮಾತ್ರೆ ಹಾಳೆ ತೆಗೆದು ಅವಳ ಕೈಯಲ್ಲಿಟ್ಟೆ. "ಭಾನುವಾರವೇ ಕಂಡಿತ್ತು. ನಾನು ಕೊಡ್ಲಿಲ್ಲ" ಎಂದೆ.

ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಗಾಡಿ ಕರಿ ಅಪ್ಪ" ಎಂದಳು, ಅಷ್ಟೇ.

ಮಾರ್ಚ್ 18

ಎರಡು ಬಾಟಲಿ ರಕ್ತ ಕೊಟ್ಟರು. ಈಗ ಕಮ್ಮಿಯಾಗಿದೆ. ನಾಲ್ಕು ಮಾತ್ರೆ ತಪ್ಪಿದ್ದಕ್ಕೆ ಒಳಗಿನ ಪದರ ಕಳಚಿದೆ ಎಂದರು ಡಾಕ್ಟರಮ್ಮ. "ಅದು ಯಾರಿಗಾದ್ರೂ ಆಗೋದೇ. ಆದ್ರೆ ಇಷ್ಟು ಹೋಗಬಾರದಿತ್ತು. ಬೇರೆ ಏನೋ ಇದೆ. ತಾಯಿ ಬಗ್ಗೆ ಇನ್ನೊಂದ್ಸಲ ಕೇಳ್ತೀನಿ."

ನನ್ನ ಚೀಲದಲ್ಲಿ ಕೊನೆಯ ಎರಡು ವರ್ಷದ ಪುಸ್ತಕಗಳಿದ್ದವು. ಗಾಡಿ ಹತ್ತುವಾಗ ಯಾಕೆ ಹಾಕಿಕೊಂಡೆನೋ. ಡಾಕ್ಟರಮ್ಮನ ಮೇಜಿನ ಮೇಲೆ ಬಿಡಿಸಿಟ್ಟೆ.

"ಇದು ಮನೆಯ ನೀರಿನ ಲೆಕ್ಕ. ಗೆರೆ ಎಳೆದ ದಿನಗಳೆಲ್ಲ ಇವಳ ಅಮ್ಮನ ಮುಟ್ಟಿನ ದಿನಗಳು. ಮದುವೆಯಾದಾಗಿನಿಂದ ಒಂಬತ್ತು ದಿನ, ಕೊನೆಗೆ ಹದಿನೇಳು. ನಾನು ಇದನ್ನ ಸೋರಿಕೆ ಅಂದ್ಕೊಂಡಿದ್ದೆ."

ಮುಟ್ಟು ಎಂಬ ಪದವನ್ನು ನಾನು ಬಾಯಿಬಿಟ್ಟು ಹೇಳಿದ್ದು ಅರವತ್ತೆರಡು ವರ್ಷದಲ್ಲಿ ಅದೇ ಮೊದಲು. ಏನೂ ಆಗಲಿಲ್ಲ. ಫ್ಯಾನ್ ತಿರುಗುತ್ತಲೇ ಇತ್ತು.

ಡಾಕ್ಟರಮ್ಮ ಬಹಳ ಹೊತ್ತು ಹಾಳೆ ಮಗುಚಿದರು. ಗುಬ್ಬಿ ಗೋಡೆಗೆ ಮುಖ ಮಾಡಿ, "ಹಲ್ಲು ಕೀಳಿಸಿದಾಗ್ಲೂ ಅಮ್ಮಂಗೆ ಎರಡು ದಿನ ರಕ್ತ ನಿಲ್ಲಲಿಲ್ಲ" ಎಂದಳು. ಅದೂ ನನಗೆ ಗೊತ್ತಿರಲಿಲ್ಲ.

ಹೊಸ ರಕ್ತ ಪರೀಕ್ಷೆ ಬರೆದುಕೊಟ್ಟರು.

ಮಾರ್ಚ್ 25

ಫಲಿತಾಂಶ ಬಂತು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಗುಬ್ಬಿಯಲ್ಲಿ ಹುಟ್ಟಿನಿಂದಲೇ ಕಮ್ಮಿ. ಹೆತ್ತವರಿಂದ ಬರುತ್ತದಂತೆ. ಮಾತ್ರೆ ಮುಂದುವರಿಸಬೇಕು, ಅದು ಅವಳಿಗೆ ಸರಿಯಾದ ಔಷಧಿಯೇ. ಆಪರೇಷನ್, ಹಲ್ಲು, ಹೆರಿಗೆ ಯಾವುದಿದ್ದರೂ ಮುಂಚೆಯೇ ಡಾಕ್ಟರಿಗೆ ತಿಳಿಸಬೇಕು.

"ಇವಳ ಅಮ್ಮನಿಗೂ ಈ ಒಂದು ಪರೀಕ್ಷೆ ಸಾಕಿತ್ತಾ?" ಎಂದು ಕೇಳಿದೆ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ವರ್ಷಗಟ್ಟಲೆ ಮೈಯಲ್ಲಿ ರಕ್ತ ಕಮ್ಮಿ ಇದ್ರೆ ಹಾರ್ಟ್ ಸೋಲುತ್ತೆ. ಗೊತ್ತು ಮಾಡೋಕೆ ಸಾಕಿತ್ತು. ಯಾರಾದ್ರೂ ಹೇಳಿದ್ರೆ. ಯಾರಾದ್ರೂ ಕೇಳಿದ್ರೆ."

ನನ್ನನ್ನೂ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ನಿದ್ದೆಯಲ್ಲಿ ಎದ್ದು ಓಡಾಡುವುದು, ದುಃಖ, ಎಂದೇನೋ ಹೇಳಿದರು ಅವರು. ಇರಬಹುದು. ಗುಬ್ಬಿ ಕೊಕ್ಕೆಯನ್ನು ತನ್ನ ಕೋಣೆಗೆ ಒಯ್ದಳು, ಮೀಟರ್ ನೋಡುವಾಗ ಕೇಳಿ ಪಡೆಯಬೇಕು. ಮಧ್ಯಾಹ್ನ ನಾನು ಕನ್ನಡಕದಂಗಡಿಯ ಬೆಂಚಿನ ಮೇಲೆ ಕೂರಬೇಕಂತೆ. ಯಜಮಾನಿ, "ಕೂತ್ಕೊಳ್ಳಿ, ಗಿರಾಕಿ ಇದ್ದ ಹಾಗೆ ಕಾಣುತ್ತೆ" ಎಂದರು.

ಏಪ್ರಿಲ್ 12

ಹೊಸ ಹಾಳೆಯ ಕಂದು ಮಾತ್ರೆಗಳು ನಡೆಯುತ್ತಿವೆ. ಗುಬ್ಬಿ ಈಗ ಅಡುಗೆಮನೆಯಿಂದಲೇ ಕೂಗುತ್ತಾಳೆ. ಮೊನ್ನೆ, "ಅಪ್ಪ, ಬಂತು. ಬರ್ಕೋ." ನಿನ್ನೆ, "ಎರಡನೇ ದಿನ, ಕಮ್ಮಿ." ಇವತ್ತು, "ಮೂರನೇ ದಿನ, ನಿಂತಿದೆ." ಮೊದಲ ಸಲ ನನ್ನ ಕಿವಿ ಬಿಸಿಯಾಯಿತು. ಈಗ ಬರೆದುಕೊಳ್ಳುತ್ತೇನೆ, ಲೀಟರಿನ ಪಕ್ಕದಲ್ಲಿ ಹೊಸ ಗೆರೆ ಹಾಕಿ. ಅಕ್ಕ ಫೋನ್ ಮಾಡಿ, "ಇನ್ನೂ ಆ ಮಾತ್ರೆ ಕೊಡ್ತಿದ್ದೀಯಾ?" ಎಂದಳು. "ಹೂಂ. ಮುಟ್ಟು ಮೂರು ದಿನಕ್ಕೆ ನಿಲ್ಲುತ್ತೆ ಈಗ" ಎಂದೆ. ಅಕ್ಕ ಮೆಲ್ಲಗೆ, "ನಂಗೂ ಬಹಳ ಹೋಗ್ತಿತ್ತು ಕಣೋ, ಆಗ" ಎಂದಳು. ಅಕ್ಕ ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ಮಂಗಳವಾರ ಹದಿನಾಲ್ಕು. ಮಾರ್ಚ್ ಹದಿನೇಳರಿಂದ ಇಪ್ಪತ್ತೆಂಟು ತುಂಬುತ್ತದೆ.

ಏಪ್ರಿಲ್ 19, ಭಾನುವಾರ

ಹದಿನಾಲ್ಕರಿಂದ ನಿನ್ನೆಯವರೆಗೆ ಮಧ್ಯಾಹ್ನಗಳಲ್ಲಿ ಅಂಗಡಿಯ ಬೆಂಚಿನ ಮೇಲಿದ್ದೆ. ಮನೆಗೆ ಬೀಗ. ಒಂದರಿಂದ ನಾಲ್ಕರ ಬಳಕೆ ಐದು ದಿನವೂ ಸೊನ್ನೆ. ಕಲ್ಲು ಒಣಗಿ ಬಿರುಕು ಕಾಣುತ್ತಿದೆ.

ಇವತ್ತು ಅಂಗಡಿ ರಜೆ. ಗುಬ್ಬಿ ಪಕ್ಕದ ಕೋಣೆಯಲ್ಲಿ ಮಲಗಿದ್ದಳು, ನಾನು ಕುರ್ಚಿಯಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ತೂಕಡಿಸಿರಬೇಕು. ಎಚ್ಚರವಾದಾಗ ನಾಲ್ಕೂವರೆ. ತೋಳು ಒಣಗಿತ್ತು. ಕೊಕ್ಕೆ ಕೇಳಿ ಪಡೆದು ಮೀಟರ್ ನೋಡಿದೆ, ಸೊನ್ನೆ. ಬರೆಯಲು ಪುಸ್ತಕ ಬಿಡಿಸಿದರೆ ಇವತ್ತಿನ ತಾರೀಖಿನ ಮುಂದೆ, ಹೊಸ ಗೆರೆಯ ಕೆಳಗೆ, ಒಂದು ಸಾಲು ಇದೆ.

'ಐದು ದಿನ. ನಿಂತಿದೆ. ಈಗ ಸುಸ್ತಿಲ್ಲ.'

ದುಂಡು ಅಕ್ಷರ, ಗುಬ್ಬಿಯ ಅಮ್ಮ ಬರೆಯುತ್ತಿದ್ದ ಹಾಗೆ. ನನ್ನದು ವಾಲುತ್ತದೆ. ಗುಬ್ಬಿಯದು ನಿಂತು ಏಳು ದಿನವಾಯಿತು, ಅದೂ ಮೂರೇ ದಿನ. ಅವಳಮ್ಮನಿಗೆ ಬದುಕಿದ್ದಾಗ ಐದು ದಿನಕ್ಕೆ ನಿಂತದ್ದು ಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲ.

ಗುಬ್ಬಿಯನ್ನು ಕೇಳಲಿಲ್ಲ. ನಿದ್ದೆ ಡಾಕ್ಟರಿಗೂ ಹೇಳುವುದಿಲ್ಲ.

ಕಚೇರಿಯಲ್ಲಿ ಬೇರೆಯವರು ಬರೆದ ರೀಡಿಂಗ್ ನಮಗೆ ಬಂದರೆ, ಓದಿ, ಪಕ್ಕದಲ್ಲಿ ಒಂದು ಪದ ಬರೆದು ಸಹಿ ಹಾಕುತ್ತಿದ್ದೆವು. ಪೆನ್ನು ತೆಗೆದುಕೊಂಡು ಆ ಸಾಲಿನ ಪಕ್ಕ ಹಾಗೇ ಬರೆದೆ. 'ನೋಡಿದೆ.' ಕೆಳಗೆ ಸಹಿ, ತಾರೀಖು.